ಹಳೆ ಜೀಪಿನ ಬಾಡಿ ಬುಷ್ ಬದಲಿಸುವುದು ಹೇಗೆ?

ಮಂಡ್ಯದ ನಾಲೆ ಏರಿ ಮೇಲೆ ಓಡುವಾಗ ಬಾಡಿ ಗಡಗಡ ಅನ್ನುತ್ತದೆ, ಬೋಲ್ಟ್ ಬಿಗಿ ಮಾಡಿದರೂ ನಿಲ್ಲದು ಅಂದಿರಿ. ಚಾಸಿಗೂ (ಕೆಳಗಿನ ಉಕ್ಕಿನ ಚೌಕಟ್ಟು) ಬಾಡಿಗೂ ನಡುವಿನ ರಬ್ಬರ್ ಬುಷ್‌ಗಳು ಚಪ್ಪಟೆಯಾಗಿವೆ. ಸೆಟ್ ಪೂರ್ತಿ ಬದಲಿಸಿ. ಒಂದೆರಡೇ ಹಾಕಿದರೆ ಬಾಡಿ ಸೊಟ್ಟಗೆ ಕೂರುತ್ತದೆ.

ಹಿಂದಿನ ರಾತ್ರಿಯೇ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯಿರಿ. ಬ್ಯಾಟರಿ ವೈರ್ ಕಳಚಿ, ಸ್ಟೀರಿಂಗ್ ಕಾಲಮ್ಮಿನ ಕ್ಲ್ಯಾಂಪ್ ಸಡಿಲಿಸಿ. ಒಂದು ಬದಿಯ ಬೋಲ್ಟ್ ಬಿಚ್ಚಿ, ಇನ್ನೊಂದು ಬದಿಯವನ್ನು ಸಡಿಲ ಮಾತ್ರ ಮಾಡಿ. ಜ್ಯಾಕ್ ಮೇಲೆ ಅಗಲವಾದ ಮರದ ಹಲಗೆ ಇಟ್ಟು 20–25 ಮಿ.ಮೀ. ಎತ್ತಿದರೆ ಸಾಕು. ಎತ್ತುತ್ತಲೇ ಬ್ರೇಕ್ ಪೈಪು, ಅರ್ಥ್ ವೈರು, ರೇಡಿಯೇಟರ್ ಹೋಸು ಎಳೆಯುತ್ತಿವೆಯೇ ನೋಡಿ. ಬಾಡಿ ಕೆಳಗೆ ಕೈ ಹಾಕುವ ಮುಂಚೆ ಆಸರೆಗೆ ಮರದ ತುಂಡು ಕೊಡಿ, ಜ್ಯಾಕ್ ನಂಬಬೇಡಿ.

ಕೆಲಸ ಕೆಡುವುದು ಸಾಮಾನ್ಯವಾಗಿ ಬೋಲ್ಟಿನಲ್ಲೇ. ಕಬ್ಬಿನ ಗದ್ದೆಯ ಕೆಸರು ಒಳಗೆ ಕೂತು ಬೋಲ್ಟ್ ಸ್ಲೀವಿಗೆ (ಬುಷ್ ಒಳಗಿನ ಲೋಹದ ಕೊಳವೆ) ಕಚ್ಚಿಕೊಂಡಿರುತ್ತದೆ. ಜೋರು ಮಾಡಿದರೆ ಬಾಡಿಗೆ ವೆಲ್ಡ್ ಆದ ನಟ್ಟೇ ಕಿತ್ತು ತಿರುಗುತ್ತದೆ. ಅಂಥ ಕಡೆ ಬೋಲ್ಟಿನ ತಲೆ ಗ್ರೈಂಡ್ ಮಾಡಿ ತೆಗೆಯುವುದೇ ಲೇಸು.

ಹಳೆ ಬುಷ್ ತೆಗೆದು ಹೊಸದು ಕೂರಿಸುವಾಗ ಯಾವ ಜಾಗದಲ್ಲಿ ಎಷ್ಟು ಶಿಮ್ (ಎತ್ತರ ಸರಿಹೊಂದಿಸುವ ತೆಳು ಬಿಲ್ಲೆ) ಇತ್ತೆಂದು ಬರೆದಿಟ್ಟು ಅಷ್ಟನ್ನೇ ಹಾಕಿ. ಒಳಗಿನ ಲೋಹದ ಸ್ಲೀವ್ ಬಿಡಲೇಬೇಡಿ: ರಬ್ಬರ್ ಅತಿಯಾಗಿ ಒತ್ತದಂತೆ ತಡೆಯುವುದು ಅದೇ. ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಹಳೆಯದರ ಉದ್ದಕ್ಕೆ ಕಡಿಸಿ. ಬುಷ್ ಬದಲು ಟೈರ್ ತುಂಡು ಬೇಡ. ರಬ್ಬರಿಗೆ ಗ್ರೀಸ್ ಬಳಿದರೆ ಉಬ್ಬುತ್ತದೆ, ಸೋಪುನೀರು ಸಾಕು. ಇನ್ನೊಂದು ಬದಿಯನ್ನೂ ಹೀಗೆಯೇ ಮುಗಿಸಿ, ಎಲ್ಲ ಬೋಲ್ಟ್ ಕೂತ ಮೇಲೆ ಒಂದು ಸುತ್ತು ಸಮನಾಗಿ ಬಿಗಿಸಿ, 500 ಕಿ.ಮೀ. ಓಡಿಸಿ ಮತ್ತೆ ಪರೀಕ್ಷಿಸಿ.