ಕೃಪೆಯಿಂದಲೇ ರಕ್ಷಣೆ ಎಂದಾದರೆ, ತೀರ್ಪಿನ ದಿನ ನಮ್ಮ ಕ್ರಿಯೆಗಳನ್ನು ಯಾಕೆ ನೋಡುವುದು?

ಕೃಪೆ ಮೊದಲು, ವಿಧೇಯತೆ ಅದರ ಬೆನ್ನಿಗೇ ಬರುತ್ತದೆ. ರಕ್ಷಣೆ ದೇವರ ವರ, ಕ್ರಿಯೆಗಳಿಂದ ಬಂದದ್ದಲ್ಲ ಎಂದು ಬೈಬಲಿನ ಎಫೆಸ 2:8-9 ಹೇಳುತ್ತದೆ; ನಮ್ಮನ್ನು ಸೃಷ್ಟಿಸಿದ್ದು ಸತ್ಕ್ರಿಯೆಗಳಿಗಾಗಿ ಎನ್ನುವುದು ಅದರ ಮರುವಚನವೇ. ಹೆಚ್ಚಿನವರು ಅಲ್ಲಿಯವರೆಗೆ ಓದುವುದಿಲ್ಲ.

ಮತ್ತಾಯ 25ರ ತೀರ್ಪಿನಲ್ಲಿ ಅರಸನಾದ ಕ್ರಿಸ್ತನು ಎತ್ತುವುದು ಹಸಿದವನ ಊಟ, ಪರದೇಶಿಯ ಆಸರೆ, ರೋಗಿಯ ಆರೈಕೆಯ ವಿಷಯ. ನಮ್ಮ ಕಾಸರಗೋಡಿನಲ್ಲಿ ಇದಕ್ಕೆ ದೂರ ಹುಡುಕಬೇಕಾಗಿಲ್ಲ. 2000ದವರೆಗೂ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಎಣ್ಮಕಜೆಯಂಥ ಊರುಗಳಲ್ಲಿ, ಹಾಸಿಗೆ ಬಿಟ್ಟೇಳಲಾಗದ ಮಗನ ಬಳಿ ಕೂತು ಗಂಜಿ ಕುಡಿಸಿ, ಅವನ ತಾಯಿಗೆ ಒಂದು ಮಧ್ಯಾಹ್ನ ಬಿಡುವು ಕೊಟ್ಟರೆ ಅದೇ ಆ ಅಧ್ಯಾಯದ ಪಾಲನೆ. ಅಡಿಕೆ ಕೊಯ್ದವನಿಗೆ "ರೇಟು ಏರಲಿ, ಆಮೇಲೆ ಕೊಡುವ" ಎನ್ನದೆ ಅಂದೇ ಕೂಲಿ ಕೊಡುವುದೂ ವಿಧೇಯತೆಯೇ. ತಡೆಹಿಡಿದ ಕೂಲಿ ಕೂಗುತ್ತದೆ ಎಂದು ಯಾಕೋಬ 5:4 ಎಚ್ಚರಿಸುತ್ತದೆ.

ಬರೀ ನರಕದ ಭಯದಿಂದ ಮಾಡುವ ಸೇವೆ ಹೆಚ್ಚು ದಿನ ಬಾಳುವುದಿಲ್ಲ. ಮತ್ತಾಯನ ನೀತಿವಂತರು "ಸ್ವಾಮೀ, ನಿನಗೆ ಯಾವಾಗ ಮಾಡಿದೆವು?" ಎಂದು ಅಚ್ಚರಿಪಡುತ್ತಾರೆ, ಅವರು ಲೆಕ್ಕ ಇಟ್ಟಿರಲೇ ಇಲ್ಲ. ನಿಮ್ಮಲ್ಲಿ ಯಾರದಾದರೂ ಕೂಲಿ ಬಾಕಿ ಇದ್ದರೆ, ಭಾನುವಾರದ ಆರಾಧನೆಗೆ ಮೊದಲೇ ಕೊಟ್ಟುಬಿಡಿ.