"ಅದು ನಿನ್ನ ಬಗ್ಗೆ ಅಲ್ಲ ಬಿಡು" ಅಂದವನು ನಾನೇ

ನಿಮ್ಮ ಅಪ್ಪ ಓದಿದವರು, ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಆದರೂ ಜನರನ್ನು ಒಡೆದು ಮಾತಾಡುವ ನಾಯಕನನ್ನು ಬಿಟ್ಟುಕೊಡುತ್ತಿಲ್ಲ. ಅವರಿಗೆ ಸತ್ಯ ಗೊತ್ತಿಲ್ಲವಾ, ಇಲ್ಲಾ ಮನಸ್ಸೇ ಹಾಗಾ ಅಂತ ಕೇಳಿದ್ದೀರಿ. ಬಹುಶಃ ಎರಡೂ ಅಲ್ಲ. ಏಳು ವರ್ಷ ನಾನು ನಿಮ್ಮ ಅಪ್ಪನ ಜಾಗದಲ್ಲೇ ಇದ್ದೆ.

ನನಗೆ ಎಲ್ಲ ಗೊತ್ತಿತ್ತು. ನಾನು ಮೆಚ್ಚಿದ ನಾಯಕ ಒಂದು ಸಮುದಾಯದ ಬಗ್ಗೆ ವೇದಿಕೆ ಮೇಲೆ ಏನು ಹೇಳುತ್ತಿದ್ದರು ಅಂತ ಪೂರ್ತಿ ಕೇಳಿದ್ದೆ. ಮುಜುಗರವೂ ಆಗುತ್ತಿತ್ತು. ಆದರೆ ನಾನು ಮತ ಹಾಕಿದ್ದು ಆ ಮಾತಿಗಲ್ಲ. ಹಿಂದೆ ಆಳಿದವರು ನಮ್ಮಂಥವರನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಈತ ಬಂದು "ನಿಮಗೆ ಅವಮಾನ ಆಗಿದೆ" ಅಂದರು. ಅದು ನಿಜವಾಗಿತ್ತು. ಅವಮಾನ ಮಾಡಿದವರು ಆ ಸಮುದಾಯದವರೇ ಅಂತ ಬೆರಳು ತೋರಿಸಿದ್ದು ಮಾತ್ರ ಸುಳ್ಳು. ನಿಜದ ಜೊತೆ ಸುಳ್ಳನ್ನೂ ನುಂಗಿಬಿಟ್ಟೆ.

ಆಮೇಲೆ ನೆಪಗಳು. ಅದು ಚುನಾವಣೆ ಮಾತು. ಕೆಳಗಿನವರು ಮಾಡಿದ್ದು, ನಾಯಕರಿಗೇನು ಗೊತ್ತು. ಆ ಕಡೆಯವರು ಕಡಿಮೆ ಮಾಡಿದ್ದಾರಾ? ಬಾಯಿ ಒರಟು, ಆದರೆ ಕೆಲಸಗಾರ. ಈ ಕೊನೆಯ ನೆಪ ಹೊಸದೇನಲ್ಲ ಅಂತ ತಡವಾಗಿ ತಿಳಿಯಿತು. ಬ್ರೆಜಿಲ್‌ನ ಸಾವೊ ಪೌಲೊದ ಗವರ್ನರ್ ಆಗಿದ್ದ ಅಡೆಮಾರ್ ಡಿ ಬರೋಸ್ ಹೆಸರಿನ ಜೊತೆಗೇ "ಕದಿಯುತ್ತಾನೆ, ಆದರೆ ಕೆಲಸ ಮಾಡುತ್ತಾನೆ" ಅನ್ನುವ ಮಾತು ಅಂಟಿಕೊಂಡಿದೆ. ಅಲ್ಲಿ ಅದು ಗಾದೆಯಂತೆಯೇ ಉಳಿದಿದೆ. ನಾನೂ ಅದನ್ನೇ ಹೇಳುತ್ತಿದ್ದೆ, ಕಳ್ಳತನದ ಜಾಗದಲ್ಲಿ ದ್ವೇಷ ಇತ್ತು ಅಷ್ಟೇ.

ಈಗ ನನ್ನ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು.

ಹನ್ನೊಂದು ವರ್ಷ ಪಕ್ಕದ ಮೇಜಿನಲ್ಲಿ ಕೆಲಸ ಮಾಡಿದ ಗೆಳೆಯ ಇದ್ದ. ನಾನು ಆಸ್ಪತ್ರೆ ಸೇರಿದಾಗ ಮೂರು ರಾತ್ರಿ ಜೊತೆಗಿದ್ದವನು. ಆ ಸಮುದಾಯದವನು. ಒಂದು ದಿನ ನಮ್ಮ ನಾಯಕರ ಭಾಷಣದ ತುಣುಕು ಕಳಿಸಿ, "ಇದನ್ನು ಕೇಳಿದೆಯಾ?" ಅಂತ ಬರೆದ. ಅಷ್ಟೇ. ನಾನು ಒಂದು ನಿಮಿಷವೂ ಯೋಚಿಸದೆ ಉತ್ತರ ಕೊಟ್ಟೆ: "ಅದು ನಿನ್ನ ಬಗ್ಗೆ ಅಲ್ಲ ಬಿಡು. ನೀನು ನಮ್ಮವನು."

ಸಮಾಧಾನ ಹೇಳಿದೆ ಅಂದುಕೊಂಡೆ. ಆ ಎರಡು ಸಾಲು ಏನು ಹೇಳಿತು ನೋಡಿ. ನಿನ್ನ ಬಗ್ಗೆ ಅಲ್ಲ ಅಂದರೆ ಬೇರೆ ಯಾರದೋ ಬಗ್ಗೆ ಸರಿಯಾಗಿಯೇ ಹೇಳಿದ್ದಾರೆ ಅಂತ ಒಪ್ಪಿದೆ. ಆ ಬೇರೆಯವರಲ್ಲಿ ಅವನ ತಾಯಿ ಇದ್ದರು, ತಂಗಿ ಇದ್ದಳು. ನಮ್ಮವನು ಅಂದಾಗ, ಯಾರು ಒಳಗೆ ಯಾರು ಹೊರಗೆ ಅಂತ ತೀರ್ಮಾನಿಸುವವನು ನಾನು ಅಂತಾಯಿತು. ನಾಳೆ ಬೇಡ ಅನ್ನಿಸಿದರೆ ವಾಪಸ್ ತೆಗೆದುಕೊಳ್ಳಬಹುದಾದ ಜಾಗ ಅದು. ಎಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ಅವನು ಕೇಳಿದ್ದು ನಾಯಕನ ಬಗ್ಗೆ ಅಲ್ಲ. ನೀನು ಕೇಳಿಸಿಕೊಂಡೆಯಾ, ಆಗ ನಿನಗೆ ಏನನ್ನಿಸಿತು ಅಂತ ನನ್ನನ್ನು ಕೇಳಿದ್ದ. ನಾನು ನಾಯಕನ ವಕೀಲನಾಗಿ ಉತ್ತರ ಕೊಟ್ಟೆ.

"ಸರಿ" ಅಂತ ಬರೆದ. ಜಗಳ ಆಡಲಿಲ್ಲ. ಎರಡು ತಿಂಗಳಲ್ಲಿ ಬೇರೆ ಶಾಖೆಗೆ ವರ್ಗ ಕೇಳಿಕೊಂಡು ಹೋದ.

ಅಷ್ಟಕ್ಕೆ ನನಗೆ ಬುದ್ಧಿ ಬರಬೇಕಿತ್ತು, ಅಲ್ವಾ? ಉಲ್ಟಾ ಆಯಿತು. ನಾಯಕ ತಪ್ಪು ಅಂತ ಒಪ್ಪಿದರೆ ಗೆಳೆಯನನ್ನು ಸುಮ್ನೆ ಕಳೆದುಕೊಂಡೆ ಅಂತ ಒಪ್ಪಬೇಕಾಗುತ್ತಿತ್ತು. ಹಾಗಾಗಿ ಜಾಸ್ತಿ ಬಿಗಿಯಾದೆ. ಇಂಥ ಒಳಗಿನ ಎಳೆದಾಟದ ಬಗ್ಗೆ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1957ರಲ್ಲೇ ಬರೆದಿದ್ದರು: ಮಾಡಿದ್ದಕ್ಕೂ ನಂಬಿದ್ದಕ್ಕೂ ಹೊಂದಾಣಿಕೆ ಆಗದಿದ್ದಾಗ, ಮಾಡಿದ್ದಕ್ಕೆ ತಕ್ಕಂತೆ ನಂಬಿಕೆಯನ್ನೇ ಬಾಗಿಸಿಕೊಳ್ಳುತ್ತೇವೆ. ಹೊರಗಿನಿಂದ ನೋಡಿದವರಿಗೆ ನಾನು ನಾಯಕನನ್ನು ಕಾಯುತ್ತಿದ್ದೇನೆ ಅನ್ನಿಸುತ್ತಿತ್ತು. ನಾನು ಕಾಯುತ್ತಿದ್ದದ್ದು ನನ್ನನ್ನು.

ಆದ್ದರಿಂದ ಅಪ್ಪನಿಗೆ ಲಿಂಕ್ ಕಳಿಸುವುದನ್ನು ನಿಲ್ಲಿಸಿ. ನನಗೂ ನೂರಾರು ಬಂದಿದ್ದವು, ಒಂದೂ ಒಳಗಿಳಿಯಲಿಲ್ಲ. ಮನಶ್ಶಾಸ್ತ್ರಜ್ಞ ಜೆಫ್ರಿ ಕೋಹೆನ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅಮೆರಿಕದ ವಿದ್ಯಾರ್ಥಿಗಳು ಬಡವರ ನೆರವಿನ ಒಂದೇ ಯೋಜನೆಯನ್ನು, ಅದು ತಮ್ಮ ಪಕ್ಷದ್ದು ಅಂದಾಗ ಮೆಚ್ಚಿದರು, ಎದುರು ಪಕ್ಷದ್ದು ಅಂದಾಗ ತಳ್ಳಿದರು. ಕೇಳಿದರೆ ಪಕ್ಷ ನೋಡಿ ಅಲ್ಲ, ಯೋಜನೆ ನೋಡಿಯೇ ಹೇಳಿದ್ದು ಅಂದರು. ಅವರು ಸುಳ್ಳು ಹೇಳಲಿಲ್ಲ. ಹಾಗೆಂದೇ ನಂಬಿದ್ದರು. ನಾನೂ ಹಾಗೇ ನಂಬಿದ್ದೆ.

"ಮನೆಯಲ್ಲಿ ರಾಜಕೀಯ ಬೇಡ" ಅನ್ನುವ ಸಲಹೆಯನ್ನೂ ನಾನು ಒಪ್ಪುವುದಿಲ್ಲ. ನನ್ನ ಮನೆಯವರು ಏಳು ವರ್ಷ ಸುಮ್ಮನಿದ್ದರು. ಅದನ್ನು ನಾನು ಒಪ್ಪಿಗೆ ಅಂತಲೇ ತಿಳಿದೆ. ನನ್ನನ್ನು ಅಲುಗಾಡಿಸಿದ್ದು ಅಕ್ಕನ ಒಂದು ಪ್ರಶ್ನೆ. ನಾಯಕನ ಹೆಸರೇ ಎತ್ತಲಿಲ್ಲ ಅವಳು. "ಆಸ್ಪತ್ರೆಯಲ್ಲಿ ನಿನ್ನ ಜೊತೆ ಇದ್ದನಲ್ಲ, ಈಗ ಅವನು ಫೋನ್ ಮಾಡ್ತಾನಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಯಕನನ್ನು ಬೈದಿದ್ದರೆ ಹತ್ತು ಉತ್ತರ ಇದ್ದವು.

ನೀವೂ ಅಲ್ಲಿಂದಲೇ ಶುರು ಮಾಡಿ. ಅಪ್ಪನಿಗೆ ಆದ ಅವಮಾನ ಏನು ಅಂತ ಮೊದಲು ಕೇಳಿ, ಅದು ನಿಜವಾದರೆ ನಿಜ ಅಂತ ಒಪ್ಪಿಕೊಳ್ಳಿ. ಆಮೇಲೆ ನಾಯಕ ಬೈಯುವ ಸಮುದಾಯದಲ್ಲಿ ಅವರಿಗೆ ಗೊತ್ತಿರುವ ಒಬ್ಬ ಮನುಷ್ಯನ ಹೆಸರು ಹೇಳಿ. ಆ ಹೆಸರು ಕೇಳಿ ಅವರು ತಡವರಿಸಿದರೆ ಮಾತು ಮುಂದುವರಿಸಲು ಜಾಗ ಇದೆ. ತಡವರಿಸದೆ, ಆ ಮನುಷ್ಯನಿಗೆ ನೋವಾದರೂ ಖುಷಿಪಟ್ಟರೆ, ಅಂಥವರೂ ಇದ್ದಾರೆ, ನನ್ನ ಜೊತೆಗೇ ಇದ್ದರು. ಅವರಿಗೆ ಆ ದ್ವೇಷವೇ ಬೇಕಿತ್ತು. ಆಗ ದೂರ ನಿಲ್ಲುವುದು ನಿಮ್ಮ ತಪ್ಪಲ್ಲ. ಮತ ಬದಲಿಸುವ ಹೊಣೆ ಮಾತ್ರ ಹೊತ್ತುಕೊಳ್ಳಬೇಡಿ, ಅದು ಮಕ್ಕಳ ಕೆಲಸ ಅಲ್ಲ.

ನಾನು ಗೆಳೆಯನಿಗೆ ಬರೆದೆ. ನೆಪ ಇಲ್ಲದೆ, ಆ ಎರಡು ಸಾಲು ತಪ್ಪು ಅಂತ. ಒಂಬತ್ತು ದಿನ ಬಿಟ್ಟು ಉತ್ತರ ಬಂತು: "ಓದಿದೆ. ಅಮ್ಮನಿಗೂ ತೋರಿಸಿದೆ." ಈಗ ಆಗಾಗ ಮಾತಾಡುತ್ತೇವೆ, ಹೆಚ್ಚಾಗಿ ಆರೋಗ್ಯದ ಬಗ್ಗೆ. ಮೊದಲಿನ ಹಾಗಲ್ಲ.