ಟಾಸ್ ಗೆದ್ದವರಿಗೇ ಪಂದ್ಯವೇ?

ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್ ಪಂದ್ಯ ಸಮವಾದರೆ ಓವರ್‌ಟೈಮ್‌ನಲ್ಲಿ ಟಾಸ್ ಗೆದ್ದವರಿಗೇ ಲಾಭ ಅಂತಾರಲ್ರೀ, ಸರಿಪಡಿಸೋದು ಹೆಂಗ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ದೂರು ಅರ್ಧ ಹಳೆಯದು. 2022ರ ಜನವರಿಯ ಎನ್‌ಎಫ್‌ಎಲ್ (ಅಲ್ಲಿನ ವೃತ್ತಿಪರ ಲೀಗ್) ಪ್ಲೇಆಫ್‌ನಲ್ಲಿ, ಅಂದರೆ ನಾಕೌಟ್ ಹಂತದಲ್ಲಿ, ಟಾಸ್ ಗೆದ್ದ ಕಾನ್ಸಾಸ್ ಸಿಟಿ ಮೊದಲ ಸರದಿಯಲ್ಲೇ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸಿದರೆ ಸಿಗುವ ಆರು ಅಂಕ) ಗಳಿಸಿ 42–36ರಿಂದ ಗೆದ್ದಿತು. ಎದುರಾಳಿ ಬಫಲೋ ಆಕ್ರಮಣಕ್ಕೆ ಇಳಿಯಲೇ ಇಲ್ಲ. ಅದೇ ವರ್ಷ ಪ್ಲೇಆಫ್‌ಗೆ, 2025ರಲ್ಲಿ ಲೀಗ್ ಪಂದ್ಯಗಳಿಗೂ ನಿಯಮ ಬದಲಾಯಿತು: ಮೊದಲ ಸರದಿಯಲ್ಲಿ ಟಚ್‌ಡೌನ್ ಬಿದ್ದರೂ ಎದುರಾಳಿಗೆ ಚೆಂಡು ಸಿಗುತ್ತದೆ.

ಆದರೂ ತಕ್ಕಡಿ ಸಮವಾಗಿಲ್ಲ. ಎರಡನೆಯವರಿಗೆ ಎಷ್ಟು ಅಂಕ ಬೇಕೆಂದು ಮೊದಲೇ ಗೊತ್ತು. ಹಿಂದಿದ್ದರೆ ನಾಲ್ಕನೇ ಡೌನ್‌ನಲ್ಲೂ (ಕೊನೆಯ ಯತ್ನದಲ್ಲೂ) ಪಂಟ್ ಮಾಡದೆ, ಅಂದರೆ ಚೆಂಡನ್ನು ದೂರ ಒದ್ದು ಬಿಟ್ಟುಕೊಡದೆ, ನುಗ್ಗುತ್ತಾರೆ. ಮತ್ತೆ ಸಮವಾದರೆ ಮೂರನೇ ಸರದಿ ಮೊದಲಿನವರದು. ಆಗ ಬರೀ ಫೀಲ್ಡ್ ಗೋಲ್ (ಕಂಬಗಳ ನಡುವೆ ಒದ್ದು ಪಡೆಯುವ ಮೂರು ಅಂಕ) ಸಾಕು, ಆಟ ಮುಗಿಯಿತು.

ನಮಗೆ ಹಿಡಿಸುವುದು 2021ರಲ್ಲಿ ಬಾಲ್ಟಿಮೋರ್ ತಂಡ ಮುಂದಿಟ್ಟು, ಒಪ್ಪಿಗೆ ಸಿಗದ ಸಲಹೆ. ಚೆಂಡು ಯಾವ ಗೆರೆಯಲ್ಲಿ ಇಡಬೇಕೆಂದು ಒಂದು ತಂಡ ಹೇಳುತ್ತದೆ. ಆಕ್ರಮಣವೋ ರಕ್ಷಣೆಯೋ ಎಂಬುದನ್ನು ಇನ್ನೊಂದು ಆರಿಸುತ್ತದೆ. ರೊಟ್ಟಿ ಮುರಿಯುವವನೊಬ್ಬ, ಚೂರು ಆರಿಸುವವನೊಬ್ಬ. ಗೆರೆ ತೀರಾ ಮುಂದಿದ್ದರೆ ಎದುರಾಳಿ ಆಕ್ರಮಣ ಕಸಿಯುತ್ತಾನೆ, ಆಕ್ರಮಣ ಮಾಡುವವರ ಸ್ವಂತ ಗೋಲ್ ಬುಡದಲ್ಲಿದ್ದರೆ ರಕ್ಷಣೆಗೆ ನಿಲ್ಲುತ್ತಾನೆ. ಹಾಗಾಗಿ ಮೋಸಕ್ಕೆ ಜಾಗ ಕಡಿಮೆ.

ಕಾಲೇಜು ಪದ್ಧತಿಯಲ್ಲಿ ಇಬ್ಬರೂ ಎದುರಾಳಿಯ 25 ಗಜದ ಗೆರೆಯಿಂದ ಸರದಿಯಂತೆ ಆಡುತ್ತಾರೆ, ಮೂರನೇ ಓವರ್‌ಟೈಮ್‌ನಿಂದ ಎರಡಂಕದ ಪ್ರಯತ್ನಗಳಷ್ಟೇ (ಗೋಲ್ ಗೆರೆಯ ಹತ್ತಿರದಿಂದ ಒಂದೇ ಯತ್ನ). ನ್ಯಾಯವೇನೋ ಇದೆ, ಆದರೆ ಚೆಂಡು ಒದ್ದು ಆಟ ಶುರುಮಾಡುವ ಕಿಕ್‌ಆಫೇ ಇಲ್ಲದ್ದು ಅರ್ಧ ಆಟ.